ಆಣಿಯಲ್ಲದ ಆಣಿ, ಇಸುಬಲ್ಲದ ಇಸುಬು: ಚರ್ಮದ ಕ್ಯಾನ್ಸರಿನ ಗುರುತುಗಳು

ಪ್ರಶ್ನೆ: ಚರ್ಮದ ಕ್ಯಾನ್ಸರ್ ಬಿಳಿಯರ ಕಾಯಿಲೆ ಎಂಬ ಮಾತಿದೆ. ಕಪ್ಪು, ಗೋಧಿ ಮೈಬಣ್ಣದವರಿಗೂ ಬರುತ್ತದೆಯೇ?

ಉತ್ತರ: ಬರುತ್ತದೆ, ಆದರೆ ಬಿಳಿಯರಿಗಿಂತ ಬಹಳ ಕಡಿಮೆ ಮಂದಿಗೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಬಿಸಿಲಿನ ಅತಿನೇರಳೆ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ಆದರೆ ಚರ್ಮದ ಕ್ಯಾನ್ಸರಿಗೆಲ್ಲ ಬಿಸಿಲೊಂದೇ ಕಾರಣವಲ್ಲ. ವರ್ಷಗಟ್ಟಲೆ ಒಣಗದ ಹುಣ್ಣು, ಸುಟ್ಟ ಗಾಯದ ಕಲೆ, ಒಂದೇ ಜಾಗದ ನಿರಂತರ ಉಜ್ಜಾಟ, ಆರ್ಸೆನಿಕ್ ಬೆರೆತ ನೀರು, ರೋಗನಿರೋಧಕ ಶಕ್ತಿ ಕುಗ್ಗಿರುವುದು ಇವೂ ಕಾರಣಗಳೇ. ಮೂತ್ರಪಿಂಡ ಕಸಿ ಮಾಡಿಸಿಕೊಂಡು ಜೀವಮಾನವಿಡೀ ಮಾತ್ರೆ ನುಂಗುವವರು ಈ ಕೊನೆಯ ಗುಂಪಿಗೆ ಸೇರುತ್ತಾರೆ.

ಮುಖ್ಯವಾದ ಬಗೆಗಳು ಮೂರು. ಬೇಸಲ್ ಸೆಲ್ ಕಾರ್ಸಿನೋಮ ನಿಧಾನವಾಗಿ ಬೆಳೆದು ಸುತ್ತಲಿನ ಚರ್ಮ, ಮೃದ್ವಸ್ಥಿಯನ್ನು ತಿನ್ನುತ್ತದೆ. ದೂರದ ಅಂಗಗಳಿಗೆ ಹರಡುವುದು ತೀರ ಅಪರೂಪ. ಸ್ಕ್ವೇಮಸ್ ಸೆಲ್ ಕಾರ್ಸಿನೋಮ ದುಗ್ಧಗ್ರಂಥಿಗಳಿಗೆ ಹರಡಬಲ್ಲದು. ಮೆಲನೋಮ ಸಂಖ್ಯೆಯಲ್ಲಿ ಕಡಿಮೆ, ಅಪಾಯದಲ್ಲಿ ಎಲ್ಲಕ್ಕಿಂತ ಹೆಚ್ಚು. ಬಿಳಿಯರಲ್ಲಿ ಮೊದಲನೆಯದು ಹೆಚ್ಚಾಗಿ ಕಂಡರೆ, ಭಾರತದ ಹಲವು ಆಸ್ಪತ್ರೆಗಳ ದಾಖಲೆಗಳಲ್ಲಿ ಎರಡನೆಯದೇ ಮುಂದಿದೆ. ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಅಪರೂಪ ಎಂಬ ಕಾರಣಕ್ಕೇ ರೋಗಿಗೂ ಮೊದಲು ನೋಡಿದ ವೈದ್ಯರಿಗೂ ಅದರ ಅನುಮಾನ ಬರುವುದಿಲ್ಲ. ಆಣಿ, ಇಸುಬು, ನಂಜು, ಹುಳುಕಡ್ಡಿ ಎಂಬ ಪರಿಚಿತ ಹೆಸರಿನಲ್ಲಿ ತಿಂಗಳುಗಳು ಕಳೆದುಹೋಗುತ್ತವೆ.

ಪ್ರಶ್ನೆ: ಮಚ್ಚೆಯ ಆಕಾರ, ಬಣ್ಣ ಗಮನಿಸುತ್ತಿದ್ದರೆ ಸಾಲದೇ?

ಉತ್ತರ: ನ್ಯೂಯಾರ್ಕ್ ವಿಶ್ವವಿದ್ಯಾಲಯದ ವೈದ್ಯರು 1985ರಲ್ಲಿ ರೂಪಿಸಿದ ‘ಎಬಿಸಿಡಿ’ ಸೂತ್ರ ಇಂದಿಗೂ ಉಪಯುಕ್ತ. ಮಚ್ಚೆಯ ಎರಡು ಅರ್ಧಗಳು ಒಂದೇ ತೆರನಾಗಿಲ್ಲದಿರುವುದು, ಅಂಚು ಕಚ್ಚುಕಚ್ಚಾಗಿರುವುದು, ಒಂದೇ ಮಚ್ಚೆಯಲ್ಲಿ ಹಲವು ಬಣ್ಣಗಳಿರುವುದು, ಅಗಲ 6 ಮಿಲಿಮೀಟರ್ ದಾಟಿರುವುದು ಆ ನಾಲ್ಕು ಗುರುತುಗಳು. ಬದಲಾಗುತ್ತಿರುವುದು ಎಂಬ ಐದನೆಯ ಗುರುತು 2004ರಲ್ಲಿ ಸೇರಿತು. ಐದರಲ್ಲಿ ಹೆಚ್ಚು ಬೆಲೆಯುಳ್ಳದ್ದು ಇದೇ.

ಆದರೆ ಈ ಸೂತ್ರಕ್ಕೆ ಸಿಗದ ಮೆಲನೋಮಗಳಿವೆ. ಗಂಟಿನಂಥ ಬಗೆ ಮೊದಲಿನಿಂದಲೂ ದುಂಡಗೆ, ಒಂದೇ ಬಣ್ಣದಲ್ಲಿದ್ದು ವಾರಗಳಲ್ಲೇ ಉಬ್ಬುತ್ತದೆ. ಬಣ್ಣವಿಲ್ಲದ ಬಗೆ ಗುಲಾಬಿ ಗುಳ್ಳೆಯಂತೆ ಕಾಣುತ್ತದೆ. ಮುಟ್ಟಿದರೆ ರಕ್ತ ಒಸರುತ್ತದೆ. ಚರ್ಮದಿಂದ ಮೇಲೆದ್ದ, ಮುಟ್ಟಿದರೆ ಗಟ್ಟಿಯಾದ, ಒಂದು ತಿಂಗಳು ಕಳೆದರೂ ಬೆಳೆಯುತ್ತಲೇ ಇರುವ ಗುಳ್ಳೆಗೆ ಬಣ್ಣ ಯಾವುದೇ ಇರಲಿ, ತಜ್ಞರ ಪರೀಕ್ಷೆ ಬೇಕು. ನೋವಿಲ್ಲ ಎಂಬುದು ಸಮಾಧಾನದ ವಿಷಯವಲ್ಲ. ಚರ್ಮದ ಕ್ಯಾನ್ಸರ್ ಆರಂಭದಲ್ಲಿ ಬಹಳಷ್ಟು ಸಲ ನೋಯುವುದೇ ಇಲ್ಲ.

ಪ್ರಶ್ನೆ: ಅಂಗಾಲಿನ ಕಪ್ಪು ಕಲೆಗೆ ಹೆದರಬೇಕೇ?

ಉತ್ತರ: ಕಪ್ಪು ಮೈಬಣ್ಣದವರ ಅಂಗಾಲಿನಲ್ಲಿ ಅಲ್ಲಲ್ಲಿ ಕಂದು ಕಲೆಗಳಿರುವುದು ಸಹಜ. ಅವು ಹಲವಾರು ಇರುತ್ತವೆ, ವರ್ಷಗಳಿಂದ ಹಾಗೆಯೇ ಇರುತ್ತವೆ. ಅನುಮಾನಪಡಬೇಕಾದದ್ದು ಒಂಟಿಯಾಗಿ ಹೊಸದಾಗಿ ಕಾಣಿಸಿಕೊಂಡು ಹರಡುತ್ತಿರುವ ಕಲೆಯನ್ನು. ಅಂಗೈ, ಅಂಗಾಲು, ಉಗುರಿನ ಬುಡದಲ್ಲಿ ಹುಟ್ಟುವ ಮೆಲನೋಮಕ್ಕೂ ಬಿಸಿಲಿಗೂ ಹೆಚ್ಚಿನ ಸಂಬಂಧವಿಲ್ಲ. ಭಾರತೀಯರೂ ಸೇರಿದಂತೆ ಏಷ್ಯಾ, ಆಫ್ರಿಕಾ ಮೂಲದವರಲ್ಲಿ ಮೆಲನೋಮ ಬಂದರೆ ಅದು ಬಹುಪಾಲು ಇಂಥ ಜಾಗಗಳಲ್ಲೇ ಬರುತ್ತದೆ.

ಹಿಮ್ಮಡಿಯ ಮೇಲೆ ಅಥವಾ ಹೆಬ್ಬೆರಳ ಬುಡದ ದಪ್ಪ ಚರ್ಮದ ಮೇಲೆ ಮೊದಲು ಶಾಯಿ ಚೆಲ್ಲಿದಂಥ ಚಪ್ಪಟೆ ಕಲೆ ಮೂಡುತ್ತದೆ. ಒಂದು ಕಡೆ ತಿಳಿ ಕಂದು, ನಡುವೆ ಕಡುಕಪ್ಪು, ಅಂಚಿನಲ್ಲಿ ಬೂದು. ಕ್ರಮೇಣ ನಡುಭಾಗ ದಪ್ಪಗಾಗಿ ಒಡೆಯುತ್ತದೆ, ನೀರು ಸೋರುತ್ತದೆ. ಬರಿಗಾಲಲ್ಲಿ ಗದ್ದೆ, ತೋಟದಲ್ಲಿ ದುಡಿಯುವವರು ಮುಳ್ಳು ಚುಚ್ಚಿರಬೇಕು, ಆಣಿ ಆಗಿರಬೇಕು ಎಂದುಕೊಳ್ಳುತ್ತಾರೆ. ಆಣಿಯ ಪ್ಲಾಸ್ಟರ್ ಅಂಟಿಸುವುದು, ಬ್ಲೇಡಿನಿಂದ ಹೆರೆಯುವುದು ನಡೆಯುತ್ತದೆ. ಆಣಿಯೊಳಗೆ ಕಪ್ಪು ಬಣ್ಣ ಹರಡಿಕೊಂಡಿರುವುದಿಲ್ಲ. ಹೆರೆದಷ್ಟೂ ಬಣ್ಣ ಕಾಣುತ್ತಿದ್ದರೆ ಹೆರೆಯುವುದನ್ನು ನಿಲ್ಲಿಸಬೇಕು.

ಚರ್ಮರೋಗ ತಜ್ಞರ ಕೈಯಲ್ಲಿರುವ ಡರ್ಮಟೋಸ್ಕೋಪ್ ಎಂಬ ದೀಪ ಸಹಿತ ಭೂತಗನ್ನಡಿ ಇಲ್ಲಿ ಬಹಳ ನೆರವಾಗುತ್ತದೆ. ಅಂಗಾಲಿನ ಚರ್ಮದಲ್ಲಿ ಬೆರಳಚ್ಚಿನಂಥ ಏಣು ಮತ್ತು ತಗ್ಗುಗಳಿವೆ. ನಿರಪಾಯದ ಮಚ್ಚೆಯ ಬಣ್ಣ ಸಾಮಾನ್ಯವಾಗಿ ತಗ್ಗುಗಳ ಗುಂಟ ಸಾಗುತ್ತದೆ, ಮೆಲನೋಮದ ಬಣ್ಣ ಏಣುಗಳ ಮೇಲೆ ಕೂರುತ್ತದೆ. ಚರ್ಮ ಕತ್ತರಿಸದೆ, ನಿಮಿಷಗಳಲ್ಲಿ ಮುಗಿಯುವ ಪರೀಕ್ಷೆ ಇದು.

ಪ್ರಶ್ನೆ: ಉಗುರಿನಲ್ಲಿ ಕಪ್ಪು ಗೆರೆ ಮೂಡಿದರೆ?

ಉತ್ತರ: ಜಮೈಕಾದ ಗಾಯಕ ಬಾಬ್ ಮಾರ್ಲಿಯ ಕಾಲ್ಬೆರಳ ಉಗುರಿನಡಿಯ ಮೆಲನೋಮವನ್ನು ಮೊದಲಿಗೆ ಫುಟ್ಬಾಲ್ ಆಟದ ಪೆಟ್ಟೆಂದೇ ಭಾವಿಸಲಾಗಿತ್ತು. 1977ರಲ್ಲಿ ಕ್ಯಾನ್ಸರ್ ಎಂದು ಗೊತ್ತಾಯಿತು. 1981ರ ಮೇ ತಿಂಗಳಲ್ಲಿ, 36ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಕಪ್ಪು ಮೈಬಣ್ಣದವರಲ್ಲಿ ಹಲವು ಉಗುರುಗಳ ಉದ್ದಕ್ಕೂ ತೆಳು ಕಂದು ಗೆರೆಗಳಿರುವುದು ಸಾಮಾನ್ಯ. ವಯಸ್ಕರಲ್ಲಿ ಒಂದೇ ಉಗುರಿನಲ್ಲಿ, ಅದರಲ್ಲೂ ಹೆಬ್ಬೆರಳಿನಲ್ಲಿ ಹೊಸ ಗೆರೆ ಮೂಡಿ 3 ಮಿಲಿಮೀಟರಿಗಿಂತ ಅಗಲವಾದರೆ, ತುದಿಗಿಂತ ಬುಡದಲ್ಲಿ ಅಗಲವಿದ್ದರೆ, ಉಗುರು ಸೀಳಿದರೆ ತೋರಿಸಲೇಬೇಕು. ಎಲ್ಲಕ್ಕಿಂತ ಗಂಭೀರವಾದದ್ದು ಕಪ್ಪು ಬಣ್ಣ ಉಗುರನ್ನು ದಾಟಿ ಬುಡದ ಚರ್ಮಕ್ಕೆ ಹರಡುವುದು. ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ವೈದ್ಯ ಜೊನಾಥನ್ ಹಚಿನ್‌ಸನ್ ಇದನ್ನು ಗುರುತಿಸಿದ್ದರಿಂದ ಅವರದೇ ಹೆಸರಿನಲ್ಲಿ ಕರೆಯುತ್ತಾರೆ. ವಾಸಿಯಾಗದ ಉಗುರುಸುತ್ತಿನ ರೂಪದಲ್ಲೂ ಈ ರೋಗ ಬರುತ್ತದೆ.

ಪೆಟ್ಟಿನಿಂದ ಹೆಪ್ಪುಗಟ್ಟಿದ ರಕ್ತ ಉಗುರಿನ ಜೊತೆಗೇ ಮುಂದೆ ಸರಿಯುತ್ತದೆ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಕಾಲುಗುರು ಅದರ ಅರ್ಧದಷ್ಟು. ಎರಡು ತಿಂಗಳಾದರೂ ಕಪ್ಪು ಇದ್ದಲ್ಲೇ ಇದ್ದರೆ ಅದು ಪೆಟ್ಟಿನದಲ್ಲ. ಮದರಂಗಿ, ನೇಲ್ ಪಾಲಿಶ್ ಸದಾ ಹಚ್ಚುವವರಿಗೆ ಈ ಬದಲಾವಣೆ ಕಾಣುವುದೇ ಇಲ್ಲ. ಆಗಾಗ ಒಂದಷ್ಟು ದಿನ ಉಗುರನ್ನು ಬರಿದಾಗಿ ಬಿಡುವುದು ಒಳ್ಳೆಯದು.

ಪ್ರಶ್ನೆ: ಹಳೆಯ ಸುಟ್ಟ ಗಾಯದ ಕಲೆ ಮತ್ತೆ ಒಡೆದು ಹುಣ್ಣಾದರೆ ಏನರ್ಥ? ಸೀರೆ ಉಡುವುದರಿಂದಲೂ ಕ್ಯಾನ್ಸರ್ ಬರುತ್ತದೆ ಎಂಬುದು ನಿಜವೇ?

ಉತ್ತರ: ಬಾಲ್ಯದಲ್ಲಿ ಒಲೆಯ ಬೆಂಕಿ, ಬಿಸಿನೀರು ತಗುಲಿ ಆದ ಕಲೆ ಎರಡು, ಮೂರು ದಶಕಗಳ ನಂತರವೂ ಕ್ಯಾನ್ಸರಿಗೆ ತಿರುಗಬಹುದು. ಕಲೆಯ ಮೇಲೆ ಹುಟ್ಟುವ ಹುಣ್ಣುಗಳನ್ನು 1828ರಲ್ಲಿ ವರ್ಣಿಸಿದ ಫ್ರೆಂಚ್ ಶಸ್ತ್ರವೈದ್ಯ ಮಾರ್ಜೊಲಿನ್ ಹೆಸರೇ ಈ ಕಾಯಿಲೆಗೆ ನಿಂತಿದೆ. ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡ ಪಾದದ ಹುಣ್ಣು, ಮೂಳೆಯ ಸೋಂಕಿನಿಂದ ವರ್ಷಗಟ್ಟಲೆ ಕೀವು ಸೋರುವ ರಂಧ್ರ, ಚರ್ಮದ ಕ್ಷಯದ ಕಲೆ ಇವಕ್ಕೂ ಇದೇ ಗತಿ ಬರಬಹುದು. ಹುಣ್ಣಿನ ಅಂಚು ಗಟ್ಟಿಯಾಗಿ ಹೊರಕ್ಕೆ ಮಗುಚಿಕೊಳ್ಳುತ್ತದೆ, ವಾಸನೆ ಹೆಚ್ಚುತ್ತದೆ, ತಳದಿಂದ ಮಾಂಸ ಹೂಕೋಸಿನಂತೆ ಉಕ್ಕುತ್ತದೆ, ಪಟ್ಟಿ ಬಿಚ್ಚಿದಾಗಲೆಲ್ಲ ರಕ್ತ ಬರುತ್ತದೆ. ಸರಿಯಾದ ಆರೈಕೆಯಲ್ಲೂ ಮೂರು ತಿಂಗಳಲ್ಲಿ ಒಣಗದ ಹುಣ್ಣಿನ ಅಂಚಿನಿಂದ ತುಣುಕು ತೆಗೆದು ಪರೀಕ್ಷಿಸುವ ಬಯಾಪ್ಸಿ ಮಾಡಿಸುವುದು ಕಡ್ಡಾಯವಾಗಬೇಕು. ಸಕ್ಕರೆ ಕಾಯಿಲೆ ಇದೆ, ಆದ್ದರಿಂದ ಒಣಗುತ್ತಿಲ್ಲ ಎಂಬ ಒಂದೇ ವಿವರಣೆಗೆ ಜೋತುಬೀಳುವುದು ಈ ವಿಷಯದಲ್ಲಿ ಆಗುವ ದೊಡ್ಡ ಅನ್ಯಾಯ.

ಸೀರೆಯ ಬಟ್ಟೆಯಿಂದ ಕ್ಯಾನ್ಸರ್ ಬರುವುದಿಲ್ಲ. ತೊಂದರೆ ಇರುವುದು ಬಿಗಿಯಾದ ಗಂಟಿನಲ್ಲಿ. ಒಳಲಂಗದ ಲಾಡಿಯನ್ನು ದಶಕಗಳ ಕಾಲ ಸೊಂಟದ ಒಂದೇ ಜಾಗದಲ್ಲಿ ಬಿಗಿದರೆ ಅಲ್ಲಿನ ಚರ್ಮ ಮೊದಲು ಕಪ್ಪಾಗಿ ಗೆರೆ ಬೀಳುತ್ತದೆ, ಆಮೇಲೆ ದಡ್ಡುಗಟ್ಟುತ್ತದೆ, ಹೊಟ್ಟು ಏಳುತ್ತದೆ. ಬೆವರು, ದೂಳು ಸೇರಿ ನವೆ, ಕೆರೆತ. ತೀರ ಕೆಲವರಲ್ಲಿ ಅಲ್ಲಿ ವಾಸಿಯಾಗದ ಹುಣ್ಣು ಎದ್ದು ಸ್ಕ್ವೇಮಸ್ ಕ್ಯಾನ್ಸರ್ ಆಗುತ್ತದೆ. ಮುಂಬೈನ ರೋಗವಿಜ್ಞಾನಿ ವಿ. ಆರ್. ಖಾನೋಲ್ಕರ್ ಧೋತಿ ಉಡುವವರ ಸೊಂಟದ ಕ್ಯಾನ್ಸರನ್ನು 1945ರಲ್ಲೇ ದಾಖಲಿಸಿದ್ದರು. 2024ರಲ್ಲಿ ಮಹಾರಾಷ್ಟ್ರ ಮತ್ತು ಬಿಹಾರದ ವೈದ್ಯರು ಇಬ್ಬರು ಹಿರಿಯ ಮಹಿಳೆಯರ ಇಂಥದೇ ಪ್ರಕರಣಗಳನ್ನು ಪ್ರಕಟಿಸಿದರು. ಒಬ್ಬರಿಗೆ ಸೊಂಟದ ಹುಣ್ಣು ಹದಿನೆಂಟು ತಿಂಗಳಿಂದ ಒಣಗಿರಲಿಲ್ಲ; ಇನ್ನೊಬ್ಬರು ಲಂಗವಿಲ್ಲದೆ ಕಚ್ಚೆ ಸೀರೆಯನ್ನೇ ನೇರವಾಗಿ ಸೊಂಟಕ್ಕೆ ಬಿಗಿಯುತ್ತಿದ್ದವರು. ಕಾಶ್ಮೀರದಲ್ಲಿ ಚಳಿಗೆ ಫಿರನ್ ಎಂಬ ನಿಲುವಂಗಿಯ ಒಳಗೆ ಹಿಡಿಯುವ ಕಾಂಗ್ಡಿ ಎಂಬ ಕೆಂಡದ ಕುಡಿಕೆಯಿಂದ ಹೊಟ್ಟೆ, ತೊಡೆಗಳಲ್ಲಿ ಬರುವ ಕ್ಯಾನ್ಸರ್ 1866ರಿಂದಲೂ ವೈದ್ಯಲೋಕಕ್ಕೆ ಗೊತ್ತು.

ಕಾಯಿಲೆ ಅಪರೂಪದ್ದಾದರೂ ತಡೆ ಸುಲಭ. ಲಾಡಿಯ ಬದಲು ಅಗಲ ಪಟ್ಟಿ ಇರುವ ಲಂಗ, ಸಡಿಲ ಗಂಟು, ಗಂಟಿನ ಜಾಗವನ್ನು ಆಗಾಗ ಬದಲಿಸುವುದು, ಮನೆಯಲ್ಲಿರುವಾಗ ಸಡಿಲ ಉಡುಪು. ಸೊಂಟದ ಹುಣ್ಣನ್ನು ಹೆಂಗಸರು ಸಂಕೋಚದಿಂದ ಮುಚ್ಚಿಡುತ್ತಾರೆ. ಮನೆಯವರು ಕೇಳಿ ತಿಳಿಯಬೇಕಾದ ವಿಷಯ ಇದು.

ಪ್ರಶ್ನೆ: ಮುಲಾಮು ಹಚ್ಚಿದರೂ ಹೋಗದ ಇಸುಬು, ಹುಳುಕಡ್ಡಿ ಕ್ಯಾನ್ಸರ್ ಇರಬಹುದೇ?

ಉತ್ತರ: ಬಹುತೇಕ ಅಲ್ಲ. ಆದರೆ ಒಂದೇ ಒಂದು ಪಟ್ಟೆ, ಅದೇ ಜಾಗದಲ್ಲಿ, ತಿಂಗಳುಗಟ್ಟಲೆ ನಿಧಾನವಾಗಿ ಹಿಗ್ಗುತ್ತಿದ್ದರೆ ಅನುಮಾನಪಡಬೇಕು. ಕೆಂಪಗೆ, ಹೊಟ್ಟು ಕಟ್ಟಿಕೊಂಡು, ಸ್ಪಷ್ಟ ಅಂಚಿರುವ ಇಂಥ ಪಟ್ಟೆ ಬೋವೆನ್ ಕಾಯಿಲೆ ಇರಬಹುದು. ಅದು ಚರ್ಮದ ಮೇಲ್ಪದರದಲ್ಲೇ ಇರುವ ಸ್ಕ್ವೇಮಸ್ ಕ್ಯಾನ್ಸರ್. ಆ ಹಂತದಲ್ಲಿ ಪೂರ್ತಿ ಗುಣವಾಗುತ್ತದೆ.

ಸ್ತನದ ತೊಟ್ಟಿನ ಇಸುಬು ಒಂದೇ ಕಡೆ ಇದ್ದು ತೊಟ್ಟನ್ನೇ ಸವೆಸುತ್ತಿದ್ದರೆ ಅದು ಪೇಜೆಟ್ ಕಾಯಿಲೆ ಇರಬಹುದು; ಹಾಗಿದ್ದರೆ ಬಹುಪಾಲು ಒಳಗೊಂದು ಸ್ತನ ಕ್ಯಾನ್ಸರ್ ಇರುತ್ತದೆ. ಇನ್ನೊಂದು ಬಗೆ ಮೈಕೋಸಿಸ್ ಫಂಗಾಯ್ಡಿಸ್ ಎಂಬ ಚರ್ಮದ ಲಿಂಫೋಮ. ಕಪ್ಪು ಮೈಬಣ್ಣದ ಮಕ್ಕಳಲ್ಲಿ, ತರುಣರಲ್ಲಿ ಇದು ಸೊಂಟ, ಪೃಷ್ಠ, ತೊಡೆಗಳ ಮೇಲೆ ಮಾಸಲು ಬಿಳಿ ಮಚ್ಚೆಗಳಾಗಿ ಬರುವುದುಂಟು. ತೊನ್ನು ಅಥವಾ ಕುಷ್ಠ ಎಂದು ತಪ್ಪು ತಿಳಿಯಲು ಇಷ್ಟು ಸಾಕು. ನಿಜವಾದ ತೊನ್ನು ಮಾತ್ರ ಕ್ಯಾನ್ಸರ್ ಅಲ್ಲ, ಕ್ಯಾನ್ಸರಿಗೆ ತಿರುಗುವುದೂ ಇಲ್ಲ.

ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಸ್ಟಿರಾಯ್ಡ್ ಬೆರೆತ ಮುಲಾಮುಗಳು ಕೆಂಪು, ನವೆಯನ್ನು ತಾತ್ಕಾಲಿಕವಾಗಿ ಅಡಗಿಸಿ ರೋಗದ ಚಹರೆಯನ್ನೇ ಅಳಿಸುತ್ತವೆ. ಅವನ್ನು ಹಚ್ಚಿದ್ದರೆ ವೈದ್ಯರಿಗೆ ಟ್ಯೂಬ್ ಸಮೇತ ತೋರಿಸಬೇಕು.

ಪ್ರಶ್ನೆ: ಮುಖದ ಮೇಲೆ ಯಾವುದನ್ನು ಗಮನಿಸಬೇಕು?

ಉತ್ತರ: ಮೂಗಿನ ಪಕ್ಕ, ಕಣ್ಣಿನ ಒಳಮೂಲೆಯಲ್ಲಿ ಹೊಳಪಿನ ಗುಳ್ಳೆ ಎದ್ದು, ಹಕ್ಕಳೆ ಕಟ್ಟಿ, ಉದುರಿ, ಮತ್ತೆ ಕಟ್ಟುತ್ತಿದ್ದರೆ ಬೇಸಲ್ ಸೆಲ್ ಕಾರ್ಸಿನೋಮ ಇರಬಹುದು. ಭಾರತೀಯರಲ್ಲಿ ಇದು ಹೆಚ್ಚಾಗಿ ಕಪ್ಪಗಿರುವುದರಿಂದ ಮಚ್ಚೆ ಎಂದು ಬಿಟ್ಟುಬಿಡುತ್ತಾರೆ. ಕಣ್ಣುರೆಪ್ಪೆಯ ಒಂದೇ ಜಾಗದಲ್ಲಿ ಮರಳಿ ಮರಳಿ ಏಳುವ ಗುಳ್ಳೆ, ಅಲ್ಲಿನ ರೆಪ್ಪೆಗೂದಲು ಉದುರುವುದು ರೆಪ್ಪೆಯ ಕೊಬ್ಬಿನ ಗ್ರಂಥಿಯ ಕ್ಯಾನ್ಸರಿನ ಗುರುತಾಗಿರಬಹುದು. ಪಾಶ್ಚಾತ್ಯ ದೇಶಗಳಿಗಿಂತ ಭಾರತದಲ್ಲಿ ರೆಪ್ಪೆಯ ಕ್ಯಾನ್ಸರುಗಳಲ್ಲಿ ಇದರ ಪಾಲು ಹೆಚ್ಚು. ಕೆಳತುಟಿಯ ಒಡಕು ವಾರಗಟ್ಟಲೆ ಕೂಡದಿದ್ದರೂ ತೋರಿಸಬೇಕು.

ಪ್ರಶ್ನೆ: ಕೊಳವೆಬಾವಿ ನೀರಿಗೂ ಚರ್ಮದ ಕ್ಯಾನ್ಸರಿಗೂ ಸಂಬಂಧವಿದೆಯೇ?

ಉತ್ತರ: ನೀರಿನಲ್ಲಿ ಆರ್ಸೆನಿಕ್ ಇದ್ದರೆ ಇದೆ. ಪಶ್ಚಿಮ ಬಂಗಾಳದ ಜೊತೆಗೆ ಕರ್ನಾಟಕದ ಹಳೆಯ ಚಿನ್ನದ ಗಣಿ ಪ್ರದೇಶಗಳಲ್ಲೂ ಇದು ಕಂಡಿದೆ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಜನರ ಚರ್ಮದ ತೊಂದರೆಗಳು ಅಧ್ಯಯನಗೊಂಡಿವೆ. ಅಂಗೈ ಅಂಗಾಲುಗಳಲ್ಲಿ ಕಾಳಿನಂಥ ಗಡಸು ಗಂಟುಗಳು, ಎದೆ ಬೆನ್ನಿನ ಮೇಲೆ ಮಳೆಹನಿ ಬಿದ್ದಂಥ ಕಪ್ಪು–ಬಿಳಿ ಚುಕ್ಕೆಗಳು ಮೊದಲ ಗುರುತು. ಒಂದೇ ನೀರು ಕುಡಿಯುವ ಹಲವರಲ್ಲಿ ಇದು ಕಂಡರೆ ನೀರನ್ನು ಪರೀಕ್ಷೆ ಮಾಡಿಸಬೇಕು. ಲೀಟರಿಗೆ 10 ಮೈಕ್ರೋಗ್ರಾಂ ಮಿತಿ. ಕುದಿಸುವುದರಿಂದ ಆರ್ಸೆನಿಕ್ ಹೋಗುವುದಿಲ್ಲ.

ಪ್ರಶ್ನೆ: ಬಯಾಪ್ಸಿಗೆ ಕತ್ತರಿ ಹಾಕಿದರೆ ಕ್ಯಾನ್ಸರ್ ಹರಡುವುದಿಲ್ಲವೇ? ಎಲ್ಲಿಗೆ ಹೋಗಬೇಕು?

ಉತ್ತರ: ಹರಡುವುದಿಲ್ಲ. ಈ ಭಯದಿಂದ ಕಳೆದುಹೋಗುವ ಸಮಯವೇ ಹರಡಲು ಅವಕಾಶ ಕೊಡುತ್ತದೆ. ಜಾಗಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು 3–4 ಮಿಲಿಮೀಟರ್ ಅಗಲದ ತುಣುಕು ತೆಗೆಯುತ್ತಾರೆ. ಮೆಲನೋಮದ ಅನುಮಾನವಿದ್ದರೆ ಸಾಧ್ಯವಾದಷ್ಟೂ ಇಡೀ ಕಲೆಯನ್ನೇ ತೆಗೆಯುತ್ತಾರೆ, ಏಕೆಂದರೆ ಅದು ಚರ್ಮದಲ್ಲಿ ಎಷ್ಟು ಮಿಲಿಮೀಟರ್ ಆಳಕ್ಕೆ ಇಳಿದಿದೆ ಎಂಬುದರ ಮೇಲೆ ಮುಂದಿನ ಚಿಕಿತ್ಸೆ ನಿಂತಿದೆ. 1 ಮಿಲಿಮೀಟರಿಗಿಂತ ತೆಳುವಾಗಿದ್ದಾಗ ತೆಗೆದರೆ ಬಹುಪಾಲು ಮಂದಿ ಗುಣವಾಗುತ್ತಾರೆ. ಸುಣ್ಣ–ಸೋಡಾ, ಆಸಿಡ್ ಹಚ್ಚಿ ಮಚ್ಚೆ ಸುಡುವುದು, ಬ್ಯೂಟಿ ಪಾರ್ಲರಿನಲ್ಲಿ ತೆಗೆಸುವುದು ಅಪಾಯಕರ. ಮೇಲ್ಭಾಗ ಹೋಗಿ ಬೇರು ಉಳಿಯುತ್ತದೆ, ಪರೀಕ್ಷೆಗೆ ತುಣುಕೂ ಸಿಗುವುದಿಲ್ಲ.

ತಿಂಗಳಿಗೊಮ್ಮೆ ಸ್ನಾನದ ನಂತರ ಬೆಳಕಿನಲ್ಲಿ ಅಂಗಾಲು, ಬೆರಳ ಸಂದು, ಉಗುರು, ಸೊಂಟ, ಹಳೆಯ ಕಲೆಗಳನ್ನು ನೋಡಿಕೊಂಡರೆ ಸಾಕು. ಬೆನ್ನು, ನೆತ್ತಿಯನ್ನು ಮನೆಯವರು ನೋಡಬೇಕು. ಅನುಮಾನದ ಕಲೆಯ ಪಕ್ಕ ಅಳತೆಪಟ್ಟಿ ಇಟ್ಟು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟರೆ ಬದಲಾವಣೆ ತಿಳಿಯುತ್ತದೆ. ಕಲೆಯ ಜೊತೆಗೆ ತೊಡೆಸಂದು, ಕಂಕುಳು ಅಥವಾ ಕುತ್ತಿಗೆಯಲ್ಲಿ ಗಟ್ಟಿ ಗಂಟು ಸಿಕ್ಕರೆ ಕಾಯುವಂತಿಲ್ಲ. ಜಿಲ್ಲಾ ಆಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜಿನ ಚರ್ಮರೋಗ ವಿಭಾಗ ಮೊದಲ ಮೆಟ್ಟಿಲು. ರೋಗ ಖಚಿತವಾದ ಮೇಲೆ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ, ಅದರ ಕಲಬುರಗಿ ಕೇಂದ್ರ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯಂಥಲ್ಲಿ ಚಿಕಿತ್ಸೆ ಸಿಗುತ್ತದೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ನೆರವಿದ್ದು, ಕ್ಯಾನ್ಸರ್ ಚಿಕಿತ್ಸೆಯೂ ಅದರಲ್ಲಿ ಸೇರಿದೆ.