ಅಡಿಕೆ ಸುಲಿಯೋ ರಾತ್ರಿ ವು-ಟ್ಯಾಂಗ್: ಒಂದು ಆಲ್ಬಮ್ ಬಗ್ಗೆ ಅಭಿಪ್ರಾಯ ಹೇಳೋದು ಹೇಗೆ?

ಕನ್ನಡ ಸಂಘದ ಹೋದ ಮೀಟಿಂಗ್‌ನಲ್ಲಿ "ಈ ಸಲ ಹಿಪ್‌ಹಾಪ್ ಬಗ್ಗೆ ಅಭ್ಯಾಸ ಲೇಖನ ನಾವು ಕೊಡ್ತೀವಿ" ಅಂತ ಜಂಬದಿಂದ ಕೈ ಎತ್ತಿದ್ದು ನಾವೇ ಐದು ಜನ. ಆರಿಸಿಕೊಂಡದ್ದು ವು-ಟ್ಯಾಂಗ್ ಕ್ಲ್ಯಾನ್ ತಂಡದ ಮೊದಲ ಆಲ್ಬಮ್. ಲೇಖನ ಎರಡೇ ದಿನದಲ್ಲಿ ರೆಡಿ ಆಯ್ತು. "ಹಿಪ್‌ಹಾಪ್ ಇತಿಹಾಸದ ಮೈಲಿಗಲ್ಲು", "ಹತ್ತಕ್ಕೆ ಹತ್ತು", "ಕೇಳದಿದ್ದರೆ ಜನ್ಮ ವ್ಯರ್ಥ" ಅಂತೆಲ್ಲ ಬರೆದಿದ್ವಿ. ನಿಜ ಹೇಳಬೇಕಂದ್ರೆ ಅದರ ಒಂದು ವಾಕ್ಯವೂ ನಮ್ಮ ಕಿವಿಯಿಂದ ಬಂದಿರಲಿಲ್ಲ. ಬೇರೆಯವರು ಇಂಗ್ಲಿಷ್‌ನಲ್ಲಿ ಬರೆದದ್ದನ್ನು ಓದಿ ಕನ್ನಡ ಮಾಡಿದ್ವಿ ಅಷ್ಟೇ. ಇದು ನಮಗೆ ಅರ್ಥ ಆದದ್ದು ಚಂದ್ರಗುತ್ತಿಯಲ್ಲಿ, ಒಂದು ಅಡಿಕೆ ಸುಲಿಯೋ ರಾತ್ರಿ.

ಆ ಲೇಖನ ಡಿಲೀಟ್ ಮಾಡಿದ್ದೀವಿ. ಇದು ಎರಡನೆಯದು.

ಮೊದಲು ಆಲ್ಬಮ್ ಪರಿಚಯ

ಆಲ್ಬಮ್‌ನ ಹೆಸರು 'ಎಂಟರ್ ದ ವು-ಟ್ಯಾಂಗ್: 36 ಚೇಂಬರ್ಸ್'. ಬಿಡುಗಡೆ ಆಗಿದ್ದು 1993ರ ನವೆಂಬರ್ 9ರಂದು, ಲೌಡ್ ರೆಕಾರ್ಡ್ಸ್ ಕಂಪನಿಯಿಂದ. ತಂಡದಲ್ಲಿ ಒಂಬತ್ತು ಜನ: ರಿಝಾ, ಜಿಝಾ, ಮೆಥಡ್ ಮ್ಯಾನ್, ರೇಕ್ವಾನ್, ಗೋಸ್ಟ್‌ಫೇಸ್ ಕಿಲ್ಲಾ, ಇನ್‌ಸ್ಪೆಕ್ಟಾ ಡೆಕ್, ಯು-ಗಾಡ್, ಮಾಸ್ಟಾ ಕಿಲ್ಲಾ, ಓಲ್ ಡರ್ಟಿ ಬಾಸ್ಟರ್ಡ್. ಬೀಟ್‌ಗಳ ಜವಾಬ್ದಾರಿ ರಿಝಾನದು. ನ್ಯೂಯಾರ್ಕ್‌ನ ಸ್ಟೇಟನ್ ಐಲೆಂಡ್ ಇವರ ನೆಲೆ. ಆ ಜಾಗಕ್ಕೆ ಇವರು ಇಟ್ಟುಕೊಂಡ ಅಡ್ಡಹೆಸರು ಶಾವೊಲಿನ್. ಹಳೆ ಕುಂಗ್‌ಫು ಸಿನಿಮಾಗಳ ಹುಚ್ಚು ಇವರಿಗೆ ಅಷ್ಟಿತ್ತು. ಆಲ್ಬಮ್ ಹೆಸರಿನ '36 ಚೇಂಬರ್ಸ್' ಕೂಡ 1978ರ ಒಂದು ಕುಂಗ್‌ಫು ಸಿನಿಮಾದ ಹೆಸರಿನಿಂದ ಬಂದದ್ದು. ಹಾಡುಗಳ ನಡುವೆ ಕತ್ತಿಗಳ ಸದ್ದು, ಡಬ್ ಮಾಡಿದ ಡೈಲಾಗ್ ಕೇಳಿಸೋದು ಅದಕ್ಕೇ.

ದೊಡ್ಡ ಬಜೆಟ್ ಇರಲಿಲ್ಲ. ಮೊದಲ ಹಾಡು 'ಪ್ರೊಟೆಕ್ಟ್ ಯಾ ನೆಕ್' ಅನ್ನು ಇವರೇ ಸ್ವಂತವಾಗಿ ಹೊರತಂದಿದ್ದರು. ಅದು ಓಡಿದ ಮೇಲೆ ಕಂಪನಿ ಸಿಕ್ಕಿತು. 2022ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಆಲ್ಬಮ್ ಅನ್ನು ದೇಶ ಉಳಿಸಿಕೊಳ್ಳಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು.

ಇಷ್ಟು ಮಾಹಿತಿ. ಇದು ಯಾವುದೂ ಅಭಿಪ್ರಾಯ ಅಲ್ಲ, ಗಮನಿಸಿ.

ಆ ರಾತ್ರಿ

ನಮ್ಮ ಐವರಲ್ಲಿ ಒಬ್ಬನ ಮನೆ ಚಂದ್ರಗುತ್ತಿ ಹತ್ತಿರ. ಸೊರಬ ತಾಲ್ಲೂಕು, ಕದಂಬರ ಕಾಲದಿಂದ ಹೆಸರಿರೋ ಊರು. ಗುಡ್ಡದ ಮೇಲೆ ಕೋಟೆ, ಗುಹೆಯಲ್ಲಿ ರೇಣುಕಾಂಬೆ ದೇವಸ್ಥಾನ. ಇಂಟರ್ನಲ್ಸ್ ಮುಗಿದ ವಾರ ಅಲ್ಲಿಗೆ ಹೋದ್ವಿ. ಅಡಿಕೆ ಕೊಯ್ಲಿನ ಕಾಲ. ರಾತ್ರಿ ಊಟ ಆದ ಮೇಲೆ ಅಂಗಳದಲ್ಲಿ ಲೈಟ್ ಹಾಕಿ, ಮನೆಯವರು, ಅಕ್ಕಪಕ್ಕದವರು ಎಲ್ಲ ಮೆಟ್ಟುಗತ್ತಿ ಇಟ್ಟುಕೊಂಡು ಸುಲಿಯೋಕೆ ಕೂತರು. ನಮಗೂ ಒಂದೊಂದು ಕೊಟ್ಟರು. ಅವರು ಒಂದು ಬುಟ್ಟಿ ಮುಗಿಸೋ ಹೊತ್ತಿಗೆ ನಾವು ಒಂದು ಹಿಡಿ ಮುಗಿಸಿದ್ವಿ, ಬೆರಳು ಬೇರೆ ಕುಯ್ದುಕೊಂಡ್ವಿ.

"ಸುಮ್ನೆ ಯಾಕೆ ಕೂತೀರಿ, ಏನಾದ್ರೂ ಹಾಡು ಹಾಕ್ರೋ" ಅಂದರು ಅಜ್ಜಿ. ಬ್ಲೂಟೂತ್ ಸ್ಪೀಕರ್ ಇತ್ತು. ನಾವು ಹಾಕಿದ್ದು ವು-ಟ್ಯಾಂಗ್. ಬೈಗುಳ ಯಾರಿಗೂ ಅರ್ಥ ಆಗಲ್ಲ ಅನ್ನೋ ಧೈರ್ಯ.

ಎರಡು ಹಾಡು ಆಗೋವರೆಗೆ ಯಾರೂ ಮಾತಾಡಲಿಲ್ಲ. ಆಮೇಲೆ ಅಜ್ಜಿ ಕೇಳಿದರು: "ಏನಂತ ಹೇಳ್ತಿದಾರೆ ತಮ್ಮಾ ಇವರು?"

ನಾವು ಮುಖ ಮುಖ ನೋಡಿಕೊಂಡ್ವಿ. ನಮ್ಮಲ್ಲಿ ನಾಲ್ವರು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಹತ್ತಕ್ಕೆ ಹತ್ತು ಕೊಟ್ಟವರು. ಆ ಹಾಡಿನಲ್ಲಿ ಏನು ಹೇಳ್ತಿದ್ದಾರೆ ಅಂತ ಒಬ್ಬರಿಗೂ ಪೂರ್ತಿ ಗೊತ್ತಿರಲಿಲ್ಲ.

ಕೇಳಿದವರು ಏನಂದರು?

ಅವತ್ತಿನ ಅಭಿಪ್ರಾಯಗಳನ್ನು ಮರುದಿನ ಕೂತು ನೋಟ್‌ಬುಕ್‌ನಲ್ಲಿ ಬರೆದುಕೊಂಡ್ವಿ. ಒಂದೊಂದಾಗಿ ನೋಡೋಣ.

ಒಂದು: "ಸೌಂಡ್ ಕ್ಲಿಯರ್ ಇಲ್ಲ." ಇದು ನಮ್ಮ ಎಲೆಕ್ಟ್ರಾನಿಕ್ಸ್ ಗೆಳೆಯನ ದೂರು. ಡ್ರಮ್ ಮಂಕು, ಹಿಂದೆ ಕರಕರ ಸದ್ದು. ದೂರು ಸರಿಯೇ. ಆದ್ರೆ ಕಾರಣ ಹುಡುಕಿದರೆ ಸಿಗ್ನಲ್ಸ್ ಕ್ಲಾಸಿನ ಒಂದು ಚಂದದ ಲೆಕ್ಕ ಸಿಗುತ್ತೆ. ಆ ಕಾಲದ ನ್ಯೂಯಾರ್ಕ್ ಹಿಪ್‌ಹಾಪ್‌ನಲ್ಲಿ ಹೆಸರುವಾಸಿ ಆಗಿದ್ದ ಸ್ಯಾಂಪ್ಲರ್ ಅಂದ್ರೆ 1987ರ ಎಸ್‌ಪಿ-1200. ಅದು 12 ಬಿಟ್, ಸ್ಯಾಂಪಲಿಂಗ್ ದರ 26.04 ಕಿಲೋಹರ್ಟ್ಜ್, ಒಟ್ಟು ಮೆಮೊರಿ ಸುಮಾರು 10 ಸೆಕೆಂಡಿನಷ್ಟು ಮಾತ್ರ. ನೈಕ್ವಿಸ್ಟ್ ಪ್ರಕಾರ ಇದರಲ್ಲಿ 13 ಕಿಲೋಹರ್ಟ್ಜ್‌ಗಿಂತ ಮೇಲಿನ ಸದ್ದು ಉಳಿಯೋದಿಲ್ಲ. 12 ಬಿಟ್‌ಗೆ ಡೈನಾಮಿಕ್ ರೇಂಜ್ ಸುಮಾರು 74 ಡೆಸಿಬೆಲ್. ಸಿಡಿಯ 16 ಬಿಟ್‌ಗೆ ಇದು 98.

ಮೆಮೊರಿ ಸಾಲದಾಗ ಬೀಟ್ ಮಾಡೋರು ಒಂದು ಉಪಾಯ ಮಾಡ್ತಿದ್ದರು. ನಿಮಿಷಕ್ಕೆ 33⅓ ಸುತ್ತಿನ ರೆಕಾರ್ಡ್ ಅನ್ನು 45ರ ವೇಗದಲ್ಲಿ ಓಡಿಸಿ ಸ್ಯಾಂಪಲ್ ಮಾಡೋದು, ಆಮೇಲೆ ಮಷೀನ್‌ನಲ್ಲಿ ನಿಧಾನ ಮಾಡೋದು. ಆಗ 10 ಸೆಕೆಂಡಿನ ಜಾಗದಲ್ಲಿ 13.5 ಸೆಕೆಂಡಿನ ಹಾಡು ಹಿಡಿಯುತ್ತೆ. ಆದ್ರೆ ಮೂಲ ಹಾಡಿನ ಲೆಕ್ಕದಲ್ಲಿ ಸ್ಯಾಂಪಲಿಂಗ್ ದರ 19.3 ಕಿಲೋಹರ್ಟ್ಜ್‌ಗೆ ಇಳಿಯುತ್ತೆ. ಅಂದ್ರೆ 9.6ಕ್ಕಿಂತ ಮೇಲಿನದೆಲ್ಲ ಹೋಯ್ತು. ನಾವು "ಮಂಕು" ಅಂದದ್ದು ಇಂಥ ಲೆಕ್ಕದ ಫಲ. ಬಡತನದ ಉಪಾಯವೇ ಆ ಕಾಲದ ಸಂಗೀತದ ಬಣ್ಣ ಆಯ್ತು. ಇಷ್ಟು ತಿಳಿದ ಮೇಲೂ ನಮ್ಮ ಗೆಳೆಯ "ನನಗೆ ಕ್ಲಿಯರ್ ಸೌಂಡೇ ಇಷ್ಟ" ಅಂದ. ಅದು ಅವನ ಹಕ್ಕು. ಆದ್ರೆ ಈಗ ಅವನ ದೂರಿಗೆ ಒಂದು ವಿಳಾಸ ಇದೆ.

ಎರಡು: "ಹಳೇ ಚೊಗರು ಹಾಕ್ದಂಗೆ." ಇದು ಅಜ್ಜಿಯ ಮಾತು. ಒಂದು ಹಾಡಿನ ಪಿಯಾನೋ ತುಂಡು ಮತ್ತೆ ಮತ್ತೆ ಬರ್ತಿತ್ತು. "ಇದೇನು, ಅದೇ ಅದೇ ಬರ್ತದೆ, ಬೇಜಾರಾಗಲ್ವಾ ನಿಮಗೆ?" ಅಂದರು. ಅದು ಇವರ ಪಿಯಾನೋ ಅಲ್ಲ ಅಜ್ಜಿ, 1967ರಲ್ಲಿ ದ ಚಾರ್ಮೆಲ್ಸ್ ಅನ್ನೋ ತಂಡ ಹಾಡಿದ ಹಾಡಿನ ಚೂರು, ಅದನ್ನ ಕತ್ತರಿಸಿ ಸುತ್ತಿಸ್ತಾರೆ ಅಂತ ವಿವರಿಸಿದ್ವಿ. ಅಜ್ಜಿ ಕೈಯಲ್ಲಿದ್ದ ಅಡಿಕೆ ನೋಡಿ ನಕ್ಕರು. ಅಡಿಕೆ ಬೇಯಿಸಿದ ನೀರು ಗಟ್ಟಿಯಾಗಿ ಉಳಿಯೋದೇ ಚೊಗರು. ಅದನ್ನ ತೆಗೆದಿಟ್ಟು, ಮುಂದೆ ಹೊಸ ಅಡಿಕೆ ಬೇಯಿಸುವಾಗ ಬಣ್ಣಕ್ಕೆ ಸೇರಿಸ್ತಾರೆ. "ಅಡಿಕೆ ಹೊಸದು, ಬಣ್ಣ ಹಳೇದು. ಅಷ್ಟೇ ಅಲ್ವಾ?" ಸ್ಯಾಂಪಲಿಂಗ್ ಬಗ್ಗೆ ನಾವು ಡಿಲೀಟ್ ಮಾಡಿದ ಲೇಖನದಲ್ಲಿ ಒಂದು ಪುಟ ಬರೆದಿದ್ವಿ. ಅಜ್ಜಿಯ ಮಾತಿನಷ್ಟು ಸ್ಪಷ್ಟವಾಗಿ ಅದು ಇರಲಿಲ್ಲ.

ಮೂರು: "ಒಬ್ಬ ಬಿಟ್ಟ ಕಡೆ ಇನ್ನೊಬ್ಬ ಎತ್ಕೊಳ್ತಾನೆ." ಇದು ನಮ್ಮನ್ನು ಕರೆದುಕೊಂಡು ಹೋದ ಗೆಳೆಯನದು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿದವನು. ಮೊದಲ ಲೇಖನ ಬರೆಯುವಾಗ ಅವನನ್ನು ನಾವು ಟೈಪಿಂಗ್ ತಿದ್ದೋಕೆ ಮಾತ್ರ ಇಟ್ಟುಕೊಂಡಿದ್ವಿ. ಹಾಡು ಹೇಗಿದೆ ಅಂತ ಕೇಳಿರಲೇ ಇಲ್ಲ. ಅವನಾಗಿ ಹೇಳಲೂ ಇಲ್ಲ. ಅವತ್ತು ರಾತ್ರಿ 'ಪ್ರೊಟೆಕ್ಟ್ ಯಾ ನೆಕ್' ಬಂದಾಗ ಅವನು ಸುಲಿಯುತ್ತಲೇ ಬೆರಳು ಮಡಚಿ ಎಣಿಸಿದ. "ಎಂಟು ಜನ ಇದಾರೆ ಮಗಾ. ಪಲ್ಲವಿ ಇಲ್ಲ. ಒಬ್ಬನ ಗಂಟಲು ಗೊಗ್ಗರು, ಒಬ್ಬ ಅರ್ಧ ಹಾಡ್ತಾನೆ ಅರ್ಧ ಕಿರುಚ್ತಾನೆ, ಕೊನೆಯವನು ಒಂಚೂರೂ ಅವಸರ ಮಾಡಲ್ಲ." ನಾವು ಚೆಕ್ ಮಾಡಿದ್ವಿ. ಸರಿಯಾಗಿ ಎಂಟು. ಮಾಸ್ಟಾ ಕಿಲ್ಲಾ ಆ ಹಾಡಿನಲ್ಲಿ ಇಲ್ಲ. ಇಡೀ ಆಲ್ಬಮ್‌ನಲ್ಲಿ ಅವನಿಗೆ ಇರೋದು ಒಂದೇ ವರ್ಸ್, ಅದೂ ಬೇರೆ ಹಾಡಿನಲ್ಲಿ. ಕಿರುಚೋನು ಓಲ್ ಡರ್ಟಿ ಬಾಸ್ಟರ್ಡ್, ಅವಸರ ಮಾಡದ ಕೊನೆಯವನು ಜಿಝಾ.

ಇಷ್ಟು ಹೇಗೆ ಕೇಳಿಸ್ತು ಅಂದ್ರೆ, ಅವನು ಸಣ್ಣವನಿದ್ದಾಗಿನಿಂದ ಚೌಡಿಕೆ ಪದ ಕೇಳಿದವನು. ಚೌಡಿಕೆ ರೇಣುಕೆ-ಎಲ್ಲಮ್ಮನ ಭಕ್ತರ ವಾದ್ಯ. ಚರ್ಮ ಬಿಗಿದ ಮರದ ಕೊಳಗ, ಒಂದೇ ತಂತಿ. ತಂತಿಯನ್ನು ಬಿಗಿ ಮಾಡಿ ಸಡಿಲ ಮಾಡಿ ನುಡಿಸ್ತಾರೆ. ಒಬ್ಬರು ಕಥೆ ಹೇಳ್ತಾ ಹೋದರೆ ಉಳಿದವರು ಸೊಲ್ಲು ಹಿಡೀತಾರೆ. ಯಾರು ಎಲ್ಲಿ ಎತ್ತಿಕೊಂಡರು ಅನ್ನೋದನ್ನು ಕಿವಿ ತಾನಾಗಿ ಗಮನಿಸುತ್ತೆ. ಎರಡೂ ಒಂದೇ ಅಂತ ನಾವು ಹೇಳ್ತಿಲ್ಲ. ಒಂದು ದೇವಿಯ ಕಥೆ, ಇನ್ನೊಂದು ಬೀದಿಯ ಕಥೆ. ಆದ್ರೆ ಒಂದನ್ನು ಕೇಳಿ ಪಳಗಿದ ಕಿವಿ ಇನ್ನೊಂದರಲ್ಲೂ ಕೆಲಸಕ್ಕೆ ಬರುತ್ತೆ.

ನಾಲ್ಕು: "ಬೀಟ್ ಚೆನ್ನಾಗಿದೆ ಅಂತ ಎಲ್ಲಾ ಮಾಫಿನಾ?" ಇದು ನಮ್ಮ ಕಂಪ್ಯೂಟರ್ ಸೈನ್ಸ್ ಗೆಳತಿಯ ಪ್ರಶ್ನೆ. ಆಲ್ಬಮ್‌ನಲ್ಲಿ ಬಂದೂಕು, ಹೆಂಗಸರನ್ನು ಹಗುರವಾಗಿ ಆಡೋ ಮಾತು ಬೇಕಾದಷ್ಟಿದೆ. 'ಮೆಥಡ್ ಮ್ಯಾನ್' ಹಾಡಿಗೆ ಮುಂಚೆ ಇಬ್ಬರು ಪೈಪೋಟಿ ಮೇಲೆ ಚಿತ್ರಹಿಂಸೆ ವರ್ಣಿಸೋ ಒಂದು ಮಾತುಕತೆ ಇದೆ. ಅದು ಬರೋ ಮುಂಚೆ ಅವಳೇ ಎದ್ದು ಫೋನ್ ತಗೊಂಡು ಮುಂದಿನದಕ್ಕೆ ಹೋದಳು. "ಅಜ್ಜಿಗೆ ಅರ್ಥ ಆಗಲ್ಲ ಅಂತ ಅವರ ಮುಂದೆ ಇದನ್ನ ಹಾಕಿದೀವಿ. ಅರ್ಥ ಆಗಿದ್ರೆ ಹಾಕ್ತಿದ್ವಾ?" ಅಂತ ಮೆಲ್ಲಗೆ ಕೇಳಿದಳು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಮೊದಲ ಲೇಖನದಲ್ಲಿ ಈ ವಿಷಯದ ಬಗ್ಗೆ ಒಂದು ಸಾಲೂ ಇರಲಿಲ್ಲ. ಇಷ್ಟಪಟ್ಟ ಆಲ್ಬಮ್‌ನ ಬಗ್ಗೆ ಬರೆಯುವಾಗ ಮುಚ್ಚಿಡೋದು ಸುಲಭ. ಮುಚ್ಚಿಟ್ಟರೆ ಅದು ಜಾಹೀರಾತು.

ಐದು: "ಇಷ್ಟು ಸಿಟ್ಟು ಯಾಕೆ ಇವರಿಗೆ?" ಇದು ಗೆಳೆಯನ ಅಪ್ಪ ಕೇಳಿದ್ದು. ಆಗ ನಾವು ಹಾಡಿನ ಸಾಹಿತ್ಯ ತೆಗೆದು, ಪದ ಪದ ಓದಿ, 'ಕ್ರೀಮ್' ಹಾಡಿನ ಅರ್ಥ ಹೇಳಿದ್ವಿ. ಸುತ್ತಲಿನ ಎಲ್ಲವನ್ನೂ ದುಡ್ಡೇ ಆಳುತ್ತೆ ಅನ್ನೋ ಮಾತಿನ ಮೊದಲ ಅಕ್ಷರಗಳೇ ಆ ಹೆಸರು. ರೇಕ್ವಾನ್ ಮತ್ತು ಇನ್‌ಸ್ಪೆಕ್ಟಾ ಡೆಕ್ ತಮ್ಮ ಹುಡುಗಾಟದ ವಯಸ್ಸಿನ ಕಥೆ ಹೇಳ್ತಾರೆ: ಬಡತನ, ಕಳ್ಳದಂಧೆ, ಹದಿನೈದಕ್ಕೆ ಜೈಲು. ನಾವು ಇದನ್ನು ಇಷ್ಟು ದಿನ ದುಡ್ಡಿನ ಸ್ಟೇಟಸ್ ಹಾಕೋಕೆ ಬಳಸ್ತಿದ್ವಿ. ದುಡ್ಡಿನ ಹೊಗಳಿಕೆ ಅಂದ್ಕೊಂಡಿದ್ವಿ. ಅಂಕಲ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಇದು ಅಳೋ ಹಾಡು" ಅಂದರು. ಮತ್ತೆ ಹಾಕಿಸಿ ಕೇಳಿದರು.

ಇದರಿಂದ ಪಾಠ ಏನು?

ಐದು ಅಭಿಪ್ರಾಯಗಳಲ್ಲಿ ಒಂದರಲ್ಲೂ "ಸೂಪರ್", "ವೇಸ್ಟ್" ಅನ್ನೋ ಪದ ಇಲ್ಲ. ಅಂಕ ಇಲ್ಲ. ಆದ್ರೆ ಪ್ರತಿಯೊಂದರಿಂದ ಆಲ್ಬಮ್ ಬಗ್ಗೆ ಏನೋ ಒಂದು ತಿಳಿಯುತ್ತೆ. ಅದಕ್ಕೆ ನಾವು ಬರೆಯೋ ಮುಂಚೆ ಕೇಳಿಕೊಳ್ಳಲು ನಾಲ್ಕು ಪ್ರಶ್ನೆ ಮಾಡಿಕೊಂಡ್ವಿ.

1. ಎಲ್ಲಿ? ಯಾವ ಹಾಡು, ಯಾವ ಜಾಗ, ಯಾವ ದನಿ? ಬೆರಳಿಟ್ಟು ತೋರಿಸೋಕೆ ಆಗದಿದ್ದರೆ ಇನ್ನೊಂದು ಸಲ ಕೇಳಬೇಕು.

2. ಯಾಕೆ ಹಾಗಿದೆ? ಸದ್ದಿಗೆ ಕಾರಣ ಇರುತ್ತೆ: ಮಷೀನ್, ದುಡ್ಡು, ಜಾಗ. ಎಂಜಿನಿಯರಿಂಗ್ ಓದೋ ನಮಗೆ ಇದು ಸುಲಭ ಆಗಬೇಕು.

3. ಅರ್ಥ ಗೊತ್ತಾ? ಒಂದು ವರ್ಸ್ ಆದರೂ ಕನ್ನಡದಲ್ಲಿ ಅಜ್ಜಿಗೆ ಹೇಳೋ ಹಾಗೆ ಹೇಳಿ ನೋಡಿ. ಹೇಳೋಕೆ ನಾಚಿಕೆ ಆಗೋ ಜಾಗ ಬಂದರೆ ಅದನ್ನೂ ಬರೆಯಿರಿ.

4. ನಮ್ಮ ಕಿವಿ ಯಾವುದರಿಂದ ಪಳಗಿದೆ? ಚಂದನ್ ಶೆಟ್ಟಿ, ಆಲ್ ಓಕೆ ಕೇಳಿ ಬೆಳೆದ ಕಿವಿಗೂ ಚೌಡಿಕೆ ಕೇಳಿದ ಕಿವಿಗೂ ಒಂದೇ ಹಾಡು ಬೇರೆ ಬೇರೆ ಕೇಳಿಸುತ್ತೆ. ಯಾವುದೂ ಕಮ್ಮಿ ಅಲ್ಲ.

ಪ್ರಾಸದ ಬಗ್ಗೆಯೂ ಒಂದು ಮಾತು. ಹಳೆಗನ್ನಡ ಕಾವ್ಯದಲ್ಲಿ ಪ್ರಾಸ ಇರೋದು ಸಾಲಿನ ಎರಡನೇ ಅಕ್ಷರದಲ್ಲಿ. ರ‍್ಯಾಪ್‌ನಲ್ಲಿ ಹೆಚ್ಚಾಗಿ ಸಾಲಿನ ಕೊನೆಗೆ ಮತ್ತು ನಡುವೆ. ಕನ್ನಡದಲ್ಲಿ ಎರಡನ್ನೂ ಒಟ್ಟಿಗೆ ಮಾಡಬಹುದಾ ಅಂತ ವಾಪಸ್ ಬರೋ ಬಸ್ಸಿನಲ್ಲಿ ನಾವೇ ಕಟ್ಟಿ ನೋಡಿದ್ವಿ:

ಮಳೆ ನಿಂತ ಮೇಲೆ ಗುಡ್ಡ ಹಸಿರು,
ಹೊಳೆ ಇಳಿದ ಮೇಲೆ ಗದ್ದೆ ಕೆಸರು.

ಮೊದಲಿಗೆ ಮಳೆ-ಹೊಳೆ, ಕೊನೆಗೆ ಹಸಿರು-ಕೆಸರು. ಕವಿತೆ ಅಂತ ಹೇಳ್ಕೊಳ್ಳೋ ಹಾಗಿಲ್ಲ, ಆದ್ರೆ ಬೀಟ್‌ಗೆ ಕೂರುತ್ತೆ.

ಈಗ ನಮ್ಮ ಅಭಿಪ್ರಾಯ

'36 ಚೇಂಬರ್ಸ್' ಒಂಬತ್ತು ಬೇರೆ ಬೇರೆ ಗಂಟಲುಗಳ ಆಲ್ಬಮ್. ಒಬ್ಬೊಬ್ಬರನ್ನೂ ಗುರುತು ಹಿಡಿಯೋದೇ ಅದನ್ನು ಕೇಳೋ ಖುಷಿ. ಸದ್ದು ಮಂಕು, ಆದ್ರೆ ಆ ಮಂಕು ಕಥೆಗೆ ಒಪ್ಪುತ್ತೆ. 'ಕ್ರೀಮ್' ನಮ್ಮನ್ನು ಈಗಲೂ ಹಿಡಿದು ಕೂರಿಸುತ್ತೆ. ಕೆಲವು ಜಾಗ ನಾವು ದಾಟಿಸಿ ಮುಂದೆ ಹೋಗ್ತೀವಿ, ಯಾಕೆ ಅಂತಲೂ ಮೇಲೆ ಹೇಳಿದೀವಿ. ಗೆಳತಿ ಇನ್ನೂ ಪೂರ್ತಿ ಒಪ್ಪಿಲ್ಲ. ಹಾಗಾಗಿ ಅಂಕ ಕೊಡ್ತಿಲ್ಲ.

ಅಭ್ಯಾಸ: ನಿಮಗಿಷ್ಟದ ಯಾವುದಾದರೂ ಒಂದು ಆಲ್ಬಮ್ ತಗೊಳ್ಳಿ. ನಿಮ್ಮ ಮನೆಯಲ್ಲಿ ಆ ಭಾಷೆ ಬಾರದ ಒಬ್ಬರ ಜೊತೆ ಕೂತು ಕೇಳಿ. ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆದು, ನಿಮ್ಮದನ್ನು ಕೆಳಗೆ ಸೇರಿಸಿ ಸಂಘಕ್ಕೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ. ಈ ಲೇಖನದ ಟೈಪಿಂಗ್ ನಾವು ನಾಲ್ವರು ಮಾಡಿದ್ವಿ. ತಿದ್ದಿದ್ದು ಮಾತ್ರ ಈಗಲೂ ಅವನೇ, ಆದ್ರೆ ಈ ಸಲ ಮೊದಲು ಮಾತಾಡಿದ್ದೂ ಅವನೇ.