ಬಾಣದ ನಡುವೆ ಏನಿದೆ? – ಜನಸಂಖ್ಯೆ, ಆರೋಗ್ಯ, ಪರಿಸರ ಕುರಿತ ಒಂದು ಮರುಪಾಠ

ಪೀಠಿಕೆ

ಅಭ್ಯಾಸ ಬೋಧನೆಗಾಗಿ ನನ್ನನ್ನು ಪಾವಗಡ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ ನಿಯೋಜಿಸಿದ್ದರು. 9ನೇ ತರಗತಿಗೆ ನಾನು ಮಾಡಬೇಕಾಗಿದ್ದ ಪಾಠ ‘ಜನಸಂಖ್ಯೆ, ಆರೋಗ್ಯ ಮತ್ತು ಪರಿಸರ’. ಪಾಠಯೋಜನೆ ಅಚ್ಚುಕಟ್ಟಾಗಿತ್ತು, ಚಾರ್ಟುಗಳಿದ್ದವು, ಸಮಯಕ್ಕೆ ಸರಿಯಾಗಿ ಪಾಠವೂ ಮುಗಿಯಿತು. ಆದರೂ ಆ ಪಾಠ ಸೋತಿತು. ಎಲ್ಲಿ ಸೋತಿತು, ಮರುಪಾಠದಲ್ಲಿ ಏನನ್ನು ತಿದ್ದಿಕೊಂಡೆ ಎಂಬುದನ್ನು ಸಹಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾದೀತೆಂದು ಇಲ್ಲಿ ಬರೆದಿದ್ದೇನೆ.

ಮೊದಲ ಪಾಠ

ಕಪ್ಪುಹಲಗೆಯ ಮೇಲೆ ಮೂರು ಪದ ಬರೆದು ನಡುವೆ ಬಾಣ ಎಳೆದೆ: ಜನಸಂಖ್ಯೆ ಹೆಚ್ಚಳ, ಪರಿಸರ ಹಾಳು, ರೋಗ. “ಕುಟುಂಬ ದೊಡ್ಡದಾದರೆ ಏನು ತೊಂದರೆ?” ಎಂದು ಕೇಳಿದೆ. ಮಕ್ಕಳಿಗೆ ಉತ್ತರ ಬಾಯಿಪಾಠವಾಗಿತ್ತು. ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಮುಂದೆ ಕೂತಿದ್ದ ಹುಡುಗಿಯನ್ನು ತೋರಿಸಿ, “ಮಿಸ್, ಇವರ ಮನೇಲಿ ಎಂಟು ಜನ!” ಎಂದ. ತರಗತಿ ನಕ್ಕಿತು. ಆ ಹುಡುಗಿ ವೇಲಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿದ್ದವು. ನಾನು “ನಿಶ್ಶಬ್ದ” ಎಂದು ಹೇಳಿ ಮುಂದಿನ ಹಂತಕ್ಕೆ ಹೋದೆ.

ಪುನರಾವರ್ತನೆಯಲ್ಲಿ “ನೀರಿನಿಂದ ಬರುವ ರೋಗಗಳನ್ನು ತಡೆಯುವುದು ಹೇಗೆ?” ಎಂದಾಗ “ಕುದಿಸಿ ಆರಿಸಿ ಕುಡಿಯಬೇಕು” ಎಂದರು. “ಸರಿಯಾಗಿ ಹೇಳಿದಿರಿ” ಎಂದೆ.

ಮಾರ್ಗದರ್ಶಕ ಶಿಕ್ಷಕರು ಅವಲೋಕನ ಪುಸ್ತಕದಲ್ಲಿ ಮೂರೇ ಪ್ರಶ್ನೆ ಬರೆದಿದ್ದರು: “ಈ ಊರಿನ ಮಕ್ಕಳ ಹಲ್ಲು ನೋಡಿದಿರಾ? ಕುದಿಸಿದರೆ ಫ್ಲೋರೈಡ್ ಹೋಗುತ್ತದೆಯೇ? ನಿಮ್ಮ ಬಾಣದ ನಡುವೆ ಏನಿದೆ?”

ನಾನು ಕಲಿತದ್ದು

ಎರಡನೆಯ ಪ್ರಶ್ನೆಗೆ ಉತ್ತರ ಬೇಗ ಸಿಕ್ಕಿತು. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ನಾನು ‘ಸರಿ’ ಎಂದದ್ದು ಈ ಊರಿನ ಮಟ್ಟಿಗೆ ತಪ್ಪು ಉತ್ತರ.

ಇಲ್ಲಿಯ ನೆಲದಡಿ ಇರುವುದು ಗಟ್ಟಿ ಕಲ್ಲು. ಅದರಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ಕಲ್ಲಿನ ಬಿರುಕುಗಳಲ್ಲಿ ನೀರು ಬಹುಕಾಲ ನಿಂತಾಗ, ಅದರಲ್ಲೂ ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದಾಗ, ಫ್ಲೋರೈಡ್ ಹೆಚ್ಚಾಗಿ ಕರಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅದನ್ನು ಮೀರಿದ ನೀರನ್ನು ಎಳೆಯ ವಯಸ್ಸಿನಲ್ಲಿ ಕುಡಿದರೆ ಹಲ್ಲಿನ ಮೇಲೆ ಅಳಿಸಲಾಗದ ಕಲೆ ಮೂಡುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದು ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲುಗಳು ಬಿಗಿಯುತ್ತವೆ.

ಮೂರನೆಯ ಪ್ರಶ್ನೆ ಹೆಚ್ಚು ಕಾಡಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ 1992-93ರಲ್ಲಿ 3.4 ಇತ್ತು. 2019-21ರಲ್ಲಿ ಅದು 2.0ಕ್ಕೆ ಇಳಿದಿದೆ. ಕರ್ನಾಟಕದಲ್ಲಿ 1.7. ಮನೆಗಳಲ್ಲಿ ಮಕ್ಕಳು ಕಡಿಮೆಯಾದರೂ ಕೊಳವೆಬಾವಿಗಳು ಆಳವಾಗುತ್ತಲೇ ಹೋದವು. ಹಾಗಾದರೆ ನನ್ನ ಬಾಣ ನೇರವಾಗಿರಲು ಸಾಧ್ಯವಿಲ್ಲ.

ಮರುಪಾಠ

ಹಿಂದಿನ ದಿನವೇ ಗೃಹಕಾರ್ಯ ಕೊಟ್ಟಿದ್ದೆ: ಮನೆಯ ಹಿರಿಯರನ್ನು ಕೇಳಿ, ಅಂದು ಮತ್ತು ಇಂದು ನೀರು ಎಷ್ಟು ಆಳದಲ್ಲಿ ಸಿಗುತ್ತದೆ ಎಂದು ಬರೆದು ತನ್ನಿ. ಮಕ್ಕಳು ತಂದ ಅಂಕಿಗಳನ್ನು ಹಲಗೆಯ ಮೇಲೆ ಬರೆದೆವು. ತಾತನ ಕಾಲದ ತೆರೆದ ಬಾವಿ 40 ಅಡಿ, ಮೊದಲ ಬೋರು 300 ಅಡಿ, ಈಚೆಗೆ ಕೊರೆಸಿದ್ದು 1000 ಅಡಿ. ಗೆರೆ ಕೆಳಗಿಳಿಯುತ್ತಾ ಹೋದದ್ದನ್ನು ಮಕ್ಕಳೇ ಕಂಡರು.

ಆಮೇಲೆ ಒಂದು ಲೆಕ್ಕ. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 5 ಲೀಟರ್ ಎಂದು ಇಟ್ಟುಕೊಳ್ಳೋಣ. ಎಂಟು ಜನರ ಮನೆಗೆ 40 ಲೀಟರ್. ತೋಟದ ಮೋಟಾರು ಗಂಟೆಗೆ 2000 ಲೀಟರ್ ಎತ್ತುತ್ತದೆ, 7 ಗಂಟೆ ಓಡುತ್ತದೆ ಎಂದುಕೊಳ್ಳೋಣ. ಒಟ್ಟು 14,000 ಲೀಟರ್. ಭಾಗಿಸಿದರೆ 350. ಒಂದು ಮೋಟಾರು ಒಂದು ದಿನ ಎತ್ತುವ ನೀರು ಎಂಟು ಜನರ ಮನೆಗೆ ಹೆಚ್ಚುಕಡಿಮೆ ಒಂದು ವರ್ಷದ ಕುಡಿಯುವ ನೀರು! ಮೊದಲ ದಿನ ನಕ್ಕಿದ್ದ ಹುಡುಗನೇ ಈ ಭಾಗಾಕಾರ ಮಾಡಿದ್ದು. ಜಗತ್ತಿನಲ್ಲಿ ಅತಿ ಹೆಚ್ಚು ಅಂತರ್ಜಲ ಬಳಸುವ ದೇಶ ನಮ್ಮದು, ಎತ್ತಿದ್ದರಲ್ಲಿ ಶೇ. 85ಕ್ಕೂ ಹೆಚ್ಚು ಪಾಲು ವ್ಯವಸಾಯಕ್ಕೆ ಹೋಗುತ್ತದೆ ಎಂಬುದನ್ನು ಆಗ ಹೇಳಿದೆ.

“ಹಂಗಾದ್ರೆ ತಪ್ಪು ರೈತರದಾ ಮಿಸ್?” ಎಂದು ಒಬ್ಬಳು ಕೇಳಿದಳು. ಅವಳ ಅಪ್ಪನೂ ರೈತರೇ. “ಆ ಬೆಳೆ ಎಲ್ಲಿಗೆ ಹೋಗುತ್ತದೆ?” ಎಂದು ಕೇಳಿದೆ. “ಪೇಟೆಗೆ” ಎಂದರು. ಪೇಟೆಯಲ್ಲಿ ತಿನ್ನುವವರಲ್ಲಿ ನಾನೂ ಒಬ್ಬಳು. ಹೀಗೆ ಬಾಣದ ನಡುವಿನ ಜಾಗ ತುಂಬುತ್ತಾ ಬಂತು: ಹೂಳು ತುಂಬಿದ ಕೆರೆ, ಮಳೆಯ ಕೊರತೆ, ಬೆಳೆಯ ಆಯ್ಕೆ, ಮಾರುಕಟ್ಟೆ, ನೀರಿನ ಪರೀಕ್ಷೆ. ಜನ ಹೆಚ್ಚಿದರೆ ಆಹಾರ, ನೀರು ಹೆಚ್ಚು ಬೇಕು ಎಂಬುದು ನಿಜ. ಆದರೆ ಎಷ್ಟು ಜನ ಎಂಬುದರ ಜೊತೆಗೆ ಯಾವುದಕ್ಕೆ, ಎಲ್ಲಿಂದ, ಹೇಗೆ ಎತ್ತುತ್ತೇವೆ ಎಂಬುದೂ ಆರೋಗ್ಯವನ್ನು ತೀರ್ಮಾನಿಸುತ್ತದೆ.

ಹೋಲಿಕೆ: ಬಾಂಗ್ಲಾದೇಶ

ಇದು ನಮ್ಮ ಊರಿನ ಕತೆ ಮಾತ್ರವಲ್ಲ ಎಂದು ತೋರಿಸಲು ಭೂಪಟದಲ್ಲಿ ಬಾಂಗ್ಲಾದೇಶ ಗುರುತಿಸಿದೆ. ಜನ ಒತ್ತಾಗಿರುವ ಆ ದೇಶದಲ್ಲಿ ಕೆರೆ ಹೊಳೆಗಳ ನೀರು ಕುಡಿದು ಮಕ್ಕಳು ವಾಂತಿಭೇದಿಯಿಂದ ಸಾಯುತ್ತಿದ್ದರು. 1970ರ ದಶಕದಿಂದ ಯುನಿಸೆಫ್ ಮೊದಲಾದ ಸಂಸ್ಥೆಗಳ ನೆರವಿನಿಂದ ಅಲ್ಲಿ ಕೊಳವೆಬಾವಿಗಳು ಬಂದವು. 1993ರಲ್ಲಿ ಆ ನೀರಿನಲ್ಲಿ ಆರ್ಸೆನಿಕ್ ಇರುವುದು ಪತ್ತೆಯಾಯಿತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಆಮೇಲೆ ಬಾವಿಗಳನ್ನು ಪರೀಕ್ಷಿಸಿ, ವಿಷವಿದ್ದದ್ದಕ್ಕೆ ಕೆಂಪು, ಇಲ್ಲದ್ದಕ್ಕೆ ಹಸಿರು ಬಣ್ಣ ಬಳಿದರು.

ಇಲ್ಲಿ ಒಂದು ಎಚ್ಚರಿಕೆ ಬೇಕು. ನಮ್ಮಲ್ಲಿ ಆಳಕ್ಕೆ ಹೋದಂತೆ ತೊಂದರೆ ಹೆಚ್ಚಿತು. ಅಲ್ಲಿ ಆರ್ಸೆನಿಕ್ ಹೆಚ್ಚಾಗಿ ಸಿಕ್ಕಿದ್ದು ಮೇಲ್ಪದರದ ಬಾವಿಗಳಲ್ಲಿ, ಆಳದ ಬಾವಿಗಳು ಬಹುಪಾಲು ಸುರಕ್ಷಿತವಾಗಿದ್ದವು. ನೆಲ ಬೇರೆ, ಉತ್ತರವೂ ಬೇರೆ. ಪರೀಕ್ಷೆ ಮಾಡದೆ ನೀರನ್ನು ನಂಬಬಾರದು ಎಂಬ ಪಾಠ ಮಾತ್ರ ಎರಡೂ ಕಡೆ ಒಂದೇ.

ಮೌಲ್ಯಮಾಪನ

ಕೊನೆಗೆ “ನಾವೇನು ಮಾಡಬಹುದು?” ಎಂದು ಕೇಳಿದೆ. ಮಳೆನೀರು ಹಿಡಿದಿಡುವುದು, ಕೆರೆಯ ಹೂಳು ತೆಗೆಯುವುದು, ಕುಡಿಯುವ ನೀರಿನ ಪರೀಕ್ಷೆಗೆ ಗ್ರಾಮ ಪಂಚಾಯಿತಿಯನ್ನು ಕೇಳುವುದು, ಕುಡಿಯಲು ಅಡುಗೆಗೆ ಶುದ್ಧ ನೀರಿನ ಘಟಕದ ನೀರು ತರುವುದು ಎಂದರು. “ಘಟಕದಿಂದ ಹೊರಗೆ ಬಿಡೋ ನೀರಲ್ಲಿ ಫ್ಲೋರೈಡ್ ಇನ್ನೂ ಜಾಸ್ತಿ ಇರುತ್ತಲ್ವಾ ಮಿಸ್?” ಎಂದು ಒಬ್ಬ ಕೇಳಿದ. ಪಾಠ ತಲುಪಿದೆ ಎಂದು ಆಗ ಅನಿಸಿತು.

ಗಂಟೆ ಹೊಡೆದ ಮೇಲೆ ಆ ಹುಡುಗಿ ನನ್ನ ಬಳಿ ಬಂದಳು. “ನನ್ನ ತಮ್ಮಂಗೆ ಮೂರು ವರ್ಷ ಮಿಸ್. ಅವನ ಹಲ್ಲು ಉಳಿಯುತ್ತಾ?” ಶಾಶ್ವತ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವುದು ಸುಮಾರು 8 ವರ್ಷದವರೆಗೆ. ಕಲೆ ಬೀಳುವ ಅಪಾಯವೂ ಆ ಅವಧಿಯದೇ. ಇಂದಿನಿಂದ ಒಳ್ಳೆಯ ನೀರು ಕೊಟ್ಟರೆ ಅಪಾಯ ಬಹಳ ಕಡಿಮೆಯಾಗುತ್ತದೆ ಎಂದೆ. ಅವಳು ಬಾಯಿಗೆ ವೇಲು ಅಡ್ಡ ಹಿಡಿಯದೆ ಮಾತಾಡಿದ್ದಳು.

ಸಹಪ್ರಶಿಕ್ಷಣಾರ್ಥಿಗಳಿಗೆ

ಈ ಘಟಕವನ್ನು ಬೋಧಿಸುವಾಗ ಮಕ್ಕಳ ಮನೆಯ ತಲೆ ಎಣಿಸಬೇಡಿ, ಊರಿನ ನೀರಿನ ದಾರಿ ಹಿಡಿದು ಹೋಗಿ. ಪುಸ್ತಕದ ಉತ್ತರಕ್ಕೆ ‘ಸರಿ’ ಎನ್ನುವ ಮೊದಲು ಅದು ಆ ಊರಿಗೆ ಸರಿಯೇ ನೋಡಿ. ಬಾಣ ಎಳೆಯುವುದು ಸುಲಭ. ನಡುವಿನ ಜಾಗ ತುಂಬಲು ಮಕ್ಕಳೇ ನೆರವಾಗುತ್ತಾರೆ, ಕೇಳಬೇಕಷ್ಟೆ.