ಬೀಗರಿಗೆ ಹಗುರವಾದ ರಾತ್ರಿ ಊಟ

ಪ್ರಶ್ನೆ: ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇರುವ ಬೀಗರು ರಾತ್ರಿ ಊಟಕ್ಕೆ ಬರಲಿದ್ದಾರೆ. ಊಟ ಹಗುರವಾಗಿರಬೇಕು, ಉಪಚಾರಕ್ಕೂ ಕೊರತೆಯಾಗಬಾರದು. ಏನೇನು ಮಾಡಬಹುದು?

ಉತ್ತರ: ಏನು ಅಡುಗೆ ಎನ್ನುವುದಕ್ಕಿಂತ ಮೊದಲು ತೀರ್ಮಾನವಾಗಬೇಕಾದದ್ದು ಊಟದ ವೇಳೆ. ಅಷ್ಟೇ ಅನ್ನ ಉಂಡರೂ ಬೆಳಗಿಗಿಂತ ರಾತ್ರಿ ರಕ್ತದಲ್ಲಿ ಸಕ್ಕರೆ ಹೆಚ್ಚು ಏರುತ್ತದೆ; ಹೊತ್ತು ಮುಳುಗಿದ ಮೇಲೆ ಇನ್ಸುಲಿನ್ನಿನ ಕೆಲಸ ಮಂದವಾಗುವುದೇ ಇದಕ್ಕೆ ಕಾರಣ. ಮಲಗುವ ಎರಡು ಮೂರು ಗಂಟೆ ಮೊದಲು ಊಟ ಮುಗಿದಿದ್ದರೆ ಎದೆಯುರಿ, ಹುಳಿತೇಗಿನ ಕಾಟವೂ ಕಡಿಮೆ. ಎಂಟು ಗಂಟೆಯೊಳಗೆ ಎಲೆ ಹಾಕುವುದು ಒಳ್ಳೆಯದು.

ಇಂಥ ಊಟಕ್ಕೆ ಕೋಸಂಬರಿಗಿಂತ ಒಳ್ಳೆಯ ಆರಂಭವಿಲ್ಲ. ಹೆಸರುಬೇಳೆಯನ್ನು ಒಂದು ಗಂಟೆ ನೆನೆಸಿ, ನೀರು ಬಸಿದು, ಸಣ್ಣಗೆ ಹೆಚ್ಚಿದ ಸೌತೆಕಾಯಿ, ಕೊತ್ತಂಬರಿ ಸೊಪ್ಪು, ಒಂದೆರಡು ಚಮಚ ಕಾಯಿತುರಿ ಬೆರೆಸಬೇಕು. ಒಗ್ಗರಣೆಗೆ ಒಂದು ಟೀ ಚಮಚ ಎಣ್ಣೆ, ಸಾಸಿವೆ, ಹಸಿಮೆಣಸಿನಕಾಯಿ, ಇಂಗು ಸಾಕು. ಉಪ್ಪು ಮತ್ತು ನಿಂಬೆರಸವನ್ನು ಬಡಿಸುವ ಹೊತ್ತಿಗೆ ಹಾಕಬೇಕು. ಮೊದಲೇ ಉಪ್ಪು ಹಾಕಿದರೆ ಸೌತೆಕಾಯಿ ನೀರು ಬಿಟ್ಟು ರುಚಿ ಕೆಡುತ್ತದೆ, ಮತ್ತೆ ಉಪ್ಪು ಸುರಿಯಬೇಕಾಗುತ್ತದೆ. ನಿಂಬೆಹುಳಿ ಚೆನ್ನಾಗಿದ್ದರೆ ಉಪ್ಪು ಕಡಿಮೆಯಾದದ್ದು ನಾಲಿಗೆಗೆ ಗೊತ್ತೇ ಆಗುವುದಿಲ್ಲ.

ಜೊತೆಗೆ ಹುರುಳಿಕಾಯಿ ಪಲ್ಯ, ಹೀರೇಕಾಯಿ ಅಥವಾ ಸೋರೆಕಾಯಿ ಹಾಕಿದ ತೊವ್ವೆ, ಇಲ್ಲವೇ ಸೊಪ್ಪು ಕಾಳಿನ ಬಸ್ಸಾರು ಇರಲಿ. ಎಲೆಯ ಅರ್ಧ ಭಾಗ ತರಕಾರಿಯೇ ತುಂಬಿದರೆ ಲೆಕ್ಕ ಸರಿಯಾಯಿತು. ಮುದ್ದೆ, ಫುಲ್ಕಾ, ಅನ್ನ ಮೂರನ್ನೂ ಒಟ್ಟಿಗೆ ಬಡಿಸುವ ಅಗತ್ಯವಿಲ್ಲ. ಒಂದು ಸಣ್ಣ ಮುದ್ದೆ ಅಥವಾ ಎರಡು ಫುಲ್ಕಾ, ಕೊನೆಗೆ ಬೇಕೆಂದರೆ ಒಂದು ಹಿಡಿ ಅನ್ನಕ್ಕೆ ನೀರುಮಜ್ಜಿಗೆ ಸಾಕು. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಹೆಚ್ಚಿರುವುದು ನಿಜ. ಆದರೆ ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆ ಅನ್ನದಂತೆಯೇ ಸಕ್ಕರೆ ಏರಿಸಬಲ್ಲದು.

ಬೀಗರೂಟಕ್ಕೆ ಮಾಂಸದಡುಗೆ ಆಗಲೇಬೇಕು ಎನ್ನುವ ಮನೆಗಳಲ್ಲಿ ಬಿರಿಯಾನಿಯ ಬದಲು ಚರ್ಮ ತೆಗೆದ ಕೋಳಿಯ ಸಾರು ಅಥವಾ ಮೀನಿನ ಸಾರು ಮಾಡಬಹುದು.

ಉಪ್ಪಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರೊಬ್ಬರು ಇಡೀ ದಿನಕ್ಕೆ ತಿನ್ನುವ ಉಪ್ಪು 5 ಗ್ರಾಂ ಮೀರಬಾರದು, ಅಂದರೆ ಸುಮಾರು ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಎಲೆಗೆ ಬಂದರೆ ಈ ಮಿತಿ ದಾಟುವುದು ಸುಲಭ. ಹಪ್ಪಳದ ಹಿಟ್ಟಿಗೆ ಹಾಕುವ ಸೋಡಾದಲ್ಲೂ ಸೋಡಿಯಂ ಇದೆ. ಅಂಗಡಿಯಲ್ಲಿ ಸಿಗುವ ‘ಲೋ ಸೋಡಿಯಂ’ ಉಪ್ಪನ್ನು ಅತಿಥಿಯನ್ನು ಕೇಳದೆ ಬಳಸಬಾರದು. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡ ದುರ್ಬಲವಾಗಿರುವವರಿಗೆ, ರಕ್ತದೊತ್ತಡದ ಕೆಲವು ಮಾತ್ರೆ ನುಂಗುವವರಿಗೆ ಅದು ಅಪಾಯ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಎಳನೀರೂ ಬೇಡ.

ಬಡಿಸುವ ಕ್ರಮಕ್ಕೂ ಬೆಲೆಯಿದೆ. ತರಕಾರಿ, ಬೇಳೆ ಮೊದಲು ತಿಂದು ಅನ್ನ ಅಥವಾ ಚಪಾತಿಯನ್ನು ಕೊನೆಗೆ ತಿಂದರೆ ಸಕ್ಕರೆ ನಿಧಾನವಾಗಿ ಏರುತ್ತದೆ. ನಮ್ಮ ಎಲೆಯ ಮೇಲೆ ಕೋಸಂಬರಿ, ಪಲ್ಯ ಮೊದಲು ಬೀಳುತ್ತವೆ. ಅನ್ನ ತರುವ ಮುನ್ನ ಅವನ್ನು ತಿನ್ನಲು ಬಿಡುವು ಕೊಡಬೇಕು, ಅಷ್ಟೇ. ಅತಿಥಿ ಕೈ ಅಡ್ಡ ಹಿಡಿದು ಸಾಕೆಂದ ಮೇಲೆ ‘ಇನ್ನೊಂದು ತುತ್ತು’ ಎಂದು ಬಡಿಸುವ ಬಲವಂತ ಒಳ್ಳೆಯ ಪಟ್ಟಿಯನ್ನೂ ಹಾಳುಮಾಡುತ್ತದೆ.

ಪ್ರಶ್ನೆ: ಸಕ್ಕರೆ ಬದಲು ಬೆಲ್ಲದ ಪಾಯಸ ಮಾಡಿದರೆ ಆಗಬಹುದೇ?

ಉತ್ತರ: ಬೆಲ್ಲದ ಬಹುಪಾಲು ಸಕ್ಕರೆಯೇ. ಜೇನುತುಪ್ಪವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಸಿಹಿ ಇಲ್ಲದೆ ಶುಭಕಾರ್ಯದ ಊಟ ಪೂರ್ತಿಯಾಗದು ಎನ್ನುವುದಾದರೆ, ಹೆಸರುಬೇಳೆ ಪಾಯಸವನ್ನು ಸಿಹಿ ಕಡಿಮೆ ಮಾಡಿ ಎರಡು ಮೂರು ಚಮಚ ಬಡಿಸಿ, ಆ ರಾತ್ರಿ ಅನ್ನವನ್ನು ಬಿಡುವುದು ಸರಿಯಾದ ದಾರಿ. ಪರಂಗಿ ಅಥವಾ ಸೀಬೆಹಣ್ಣಿನ ನಾಲ್ಕು ಹೋಳು ಅದಕ್ಕಿಂತ ಉತ್ತಮ. ಹಣ್ಣನ್ನು ಜ್ಯೂಸ್ ಮಾಡಿದರೆ ಸಕ್ಕರೆ ಬೇಗ ಏರುತ್ತದೆ.

ಪ್ರಶ್ನೆ: ಅತಿಥಿ ಮಾತ್ರೆ ನುಂಗಿದ ಮೇಲೆ ಊಟ ತಡವಾದರೆ?

ಉತ್ತರ: ಇನ್ಸುಲಿನ್ ಚುಚ್ಚಿಕೊಂಡವರಿಗೆ, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿದವರಿಗೆ ಊಟ ತಡವಾದರೆ ಸಕ್ಕರೆ ತೀರಾ ಇಳಿಯಬಹುದು. ಬೆವರು, ಕೈನಡುಕ, ಎದೆಬಡಿತ, ಗಲಿಬಿಲಿ ಇದರ ಲಕ್ಷಣಗಳು. ಅಂಥ ಹೊತ್ತಿನಲ್ಲಿ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಹದಿನೈದು ನಿಮಿಷದಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ ಅಷ್ಟೇ ಕೊಡಬೇಕು. ಚೇತರಿಸಿಕೊಂಡ ಕೂಡಲೇ ಊಟ ಬಡಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.